ಸುನಿದ್ರೆಗೆ ಸಹಾಯವಾಗುವ ಆ್ಯಪ್ ಹೇಗಿರಬೇಕು?



ನಿದ್ರೆಯು ಸೋಮಾರಿಗಳ ಸೊತ್ತೆಂದು ಎಣಿಸುವವರು ಅನೇಕರುಂಟು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸುವದೇ ತಕ್ಕ ಔಷಧವೆಂದು ನಂಬಿದ್ದೆವು. ಆ ನಂಬಿಕೆಯು ಮುರಿದದ್ದು ಹೇಗೆಂಬದನ್ನು ಮೊದಲು ಹೇಳಿ, ಆ ಬಳಿಕ ಪಾಠಕ್ಕೆ ಬರುವೆವು.

1. ಪಾಠಕ್ಕೆ ಕಾರಣ

ಪುಣಜನೂರಿನ ಕಡೆಯಿಂದ ಬರುವ ಒಬ್ಬ ಹುಡುಗಿಯು ವಾರವಿಡೀ ಮೊದಲನೆಯ ಪಿರಿಯಡ್ಡಿನಲ್ಲಿಯೇ ತೂಕಡಿಸುತ್ತಿದ್ದಳು. ರಾತ್ರಿಯೆಲ್ಲಾ ಮೊಬೈಲ್ ನೋಡಿರುವಳೆಂದು ನಾವೇ ನಿಶ್ಚಯಿಸಿಕೊಂಡು, ಎಲ್ಲರ ಮುಂದೆ ಗದರಿಸಿ ನಿಲ್ಲಿಸಿದೆವು. ಅವಳು ಎದುರು ಮಾತಾಡಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬಳೇ ಬಂದು, "ಅಮ್ಮಾ, ಅಪ್ಪ ರಾಗಿ ಹೊಲ ಕಾಯಕ್ಕೆ ಹೋಗಿದ್ರು. ಆನೆ ಬಂದ್ರೆ ಫೋನ್ ಮಾಡ್ತೀನಿ, ಎಚ್ಚರವಾಗಿರು ಅಂದಿದ್ರು" ಎಂದಳು. ಮೊಬೈಲು ಅವಳ ಕೈಯಲ್ಲಿದ್ದದ್ದು ನಿಜವೇ. ಅದರ ಕಾರಣ ಮಾತ್ರ ನಾವು ಊಹಿಸಿದ್ದಲ್ಲ. ಕಾಡಿನ ಅಂಚಿನ ಊರುಗಳಲ್ಲಿ ಬೆಳೆಯನ್ನು ರಾತ್ರಿಯೆಲ್ಲಾ ಕಾಯಬೇಕೆಂಬದನ್ನು ಅರಿತಿದ್ದೂ ಮರೆತಿದ್ದೆವು.

ಮರುದಿನ ಅದೇ ತರಗತಿಯ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಬಳಿಕ ಹಲಗೆಯ ಮೇಲೆ ಒಂದು ಪ್ರಶ್ನೆಯನ್ನು ಬರೆದೆವು: "ಒಳ್ಳೆಯ ನಿದ್ರೆಯ ರೂಢಿಯನ್ನು ಕಲಿಸುವ ಆ್ಯಪ್ ಒಂದನ್ನು ಈ ಹುಡುಗಿಗೂ ಉಪಯೋಗವಾಗುವಂತೆ ರಚಿಸುವದು ಹೇಗೆ?" ಹತ್ತನೆಯ ತರಗತಿಯವರು ರಟ್ಟಿನ ತುಂಡುಗಳ ಮೇಲೆ ಒಂದೊಂದು ಪರದೆಯ ಚಿತ್ರವನ್ನು ಬರೆದು ತಂದರು. ಅವುಗಳನ್ನು ತಿದ್ದುತ್ತಾ ತಿದ್ದುತ್ತಾ ನಾವೆಲ್ಲರೂ ಕಲಿತದ್ದನ್ನು ಇಲ್ಲಿ ಬರೆದಿರುವೆವು.

2. ನಿದ್ರೆ ಬರುವ ಬಗೆ

ಯಂತ್ರವನ್ನು ರಚಿಸುವವರು ಮೊದಲು ದೇಹದ ನಿಯಮವನ್ನು ತಿಳಿಯತಕ್ಕದ್ದು. ನಿದ್ರೆಯನ್ನು ತರುವ ಶಕ್ತಿಗಳು ಎರಡು. ಮೊದಲನೆಯದು ಒತ್ತಡ. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತುವು ಕೂಡುತ್ತಾ ಹೋಗಿ, ತೂಕಡಿಕೆಯನ್ನು ಹೆಚ್ಚಿಸುವದು. ಕಾಫಿ ಟೀಗಳಲ್ಲಿರುವ ಕೆಫೀನು ಇದರ ಕೆಲಸಕ್ಕೆ ಅಡ್ಡಬರುವದು. ಕುಡಿದ ಕೆಫೀನಿನ ಅರ್ಧಭಾಗವು ಸುಮಾರು 5 ತಾಸುಗಳಾದರೂ ದೇಹದಲ್ಲಿ ಉಳಿದಿರುವದರಿಂದ, ಸಂಜೆಯ ಕಾಫಿಯು ರಾತ್ರಿಯ ನಿದ್ರೆಯನ್ನು ಕದಿಯುವದು.

ಎರಡನೆಯದು ದೇಹದೊಳಗಿನ ಗಡಿಯಾರ. ಇದರ ಕೀಲಿಗಳನ್ನು ಹಣ್ಣಿನ ನೊಣದಲ್ಲಿ ಕಂಡುಹಿಡಿದದ್ದಕ್ಕಾಗಿ ಜೆಫ್ರಿ ಹಾಲ್, ಮೈಕಲ್ ರೊಸ್ಬಾಷ್, ಮೈಕಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಅದೇ ನೊಣಗಳಲ್ಲಿ ಈ ಗಡಿಯಾರದ ಅಭ್ಯಾಸವು ನಡೆದಿದೆ. ಈ ಗಡಿಯಾರಕ್ಕೆ ಕೀಲಿ ಕೊಡುವದು ಬೆಳಕು. ಬೆಳಗಿನ ಬೆಳಕು ಅದನ್ನು ಸರಿಯಾದ ವೇಳೆಗೆ ತರುವದು. ರಾತ್ರಿಯ ಪ್ರಖರವಾದ ಬೆಳಕು, ಅದರಲ್ಲಿಯೂ ನೀಲಿ ಬೆಳಕು, ಮೆಲಟೋನಿನ್ ಎಂಬ ರಸವನ್ನು ತಡೆದು ಗಡಿಯಾರವನ್ನು ಹಿಂದಕ್ಕೆ ತಳ್ಳುವದು. ನಿಮ್ಮ ವಯಸ್ಸಿನಲ್ಲಿ ಈ ಗಡಿಯಾರವು ಸ್ವಭಾವದಿಂದಲೇ ಸ್ವಲ್ಪ ತಡವಾಗಿ ನಡೆಯುವದು. ಆದಕಾರಣ ಹದಿನೈದು ವರ್ಷದವಳಿಗೆ ಬೇಗನೆ ನಿದ್ರೆ ಬಾರದಿದ್ದರೆ ಅದು ಹಟವಲ್ಲ. ಆದರೂ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸುಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಘವು 2016ರಲ್ಲಿ ಗೊತ್ತುಮಾಡಿತು.

3. ಆ್ಯಪ್‌ನ ರಚನೆ

ಮೊದಲನೆಯದಾಗಿ, ಅದು ಉಪದೇಶಕ್ಕಿಂತ ಮುಂಚೆ ವಿಚಾರಿಸಬೇಕು. ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು? ಈ ಮೊಬೈಲನ್ನು ಮನೆಯಲ್ಲಿ ಎಷ್ಟು ಮಂದಿ ಬಳಸುವರು? ರಾತ್ರಿಯಲ್ಲಿ ಕೆಲಸವೋ ಕಾವಲೋ ಉಂಟೋ? ಈ ಮೂರು ಪ್ರಶ್ನೆಗಳನ್ನು ನಾವು ಆ ದಿನ ಕೇಳಿದ್ದರೆ ಒಂದು ಮಗುವಿನ ಮನಸ್ಸು ನೋಯುತ್ತಿರಲಿಲ್ಲ.

ಎರಡನೆಯದಾಗಿ, ಏಳುವ ವೇಳೆಯನ್ನು ಮೊದಲು ಸ್ಥಿರಪಡಿಸಬೇಕು. ಮಲಗಿದೊಡನೆ ನಿದ್ರೆ ಬರುವದು ನಮ್ಮ ಕೈಯಲ್ಲಿಲ್ಲ. ಏಳುವದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಬಸ್ಸಿಗಾಗಿ ಐದೂವರೆಗೆ ಏಳಬೇಕಾದವಳು ಎಂಟು ತಾಸು ನಿದ್ರಿಸಬೇಕಾದರೆ, ರಾತ್ರಿ ಒಂಬತ್ತೂವರೆಗೆ ನಿದ್ರೆಯಲ್ಲಿರಬೇಕು. ಅದಕ್ಕೆ ಅರ್ಧ ತಾಸು ಮುಂಚೆ, ಅಂದರೆ ಒಂಬತ್ತಕ್ಕೆ, ಪರದೆಯು ಮಂಕಾಗಬೇಕು. ಭಾನುವಾರವೂ ಏಳುವ ವೇಳೆಯು ಬಹಳ ಬದಲಾಗಬಾರದು.

ಮೂರನೆಯದಾಗಿ, ಅದಕ್ಕೆ ಒಂದು ಗೇಟು ಇರಬೇಕು. ಇದಕ್ಕೆ ದೃಷ್ಟಾಂತವನ್ನು ನಮ್ಮ ಜಿಲ್ಲೆಯಲ್ಲಿಯೇ ನೋಡಿರಿ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನ ಮೂಲಕ ಹೋಗುವ ಹೆದ್ದಾರಿಗಳನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ವಾಹನಗಳಿಗೆ ಮುಚ್ಚಿದ್ದಾರೆ. ಪುಣಜನೂರಿನಿಂದ ಮುಂದಕ್ಕೆ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದ ದಾರಿಯಲ್ಲಿಯೂ 2022ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಿಂದ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂದಿತು. ಇದರಿಂದ ಕಾಡಿನ ಪ್ರಾಣಿಗಳಿಗೆ ಇರುಳು ದೊರೆಯಿತು. ಹಾಗೆಯೇ ಒಂಬತ್ತಾದ ಮೇಲೆ ಬರುವ ಸಂದೇಶ, ಆಟ, ಚಲಚ್ಚಿತ್ರಗಳನ್ನು ಆ್ಯಪ್ ಗೇಟಿನ ಆಚೆಯೇ ನಿಲ್ಲಿಸಿ, ಬೆಳಿಗ್ಗೆ ಒಳಗೆ ಬಿಡಬೇಕು. ಆದರೆ ಬಂಡೀಪುರದ ಗೇಟಿನಲ್ಲಿಯೂ ಆಂಬುಲೆನ್ಸಿಗೆ ತಡೆಯಿಲ್ಲವಷ್ಟೆ? ಅದೇ ರೀತಿ ಹೊಲದಲ್ಲಿರುವ ತಂದೆಯ ಕರೆಗೆ ತಡೆಯಿರಬಾರದು. ಆಗ ಹುಡುಗಿಯು ಮೊಬೈಲನ್ನು ಹಿಡಿದು ಕೂತಿರಬೇಕಾಗಿಲ್ಲ. ಆ ಒಂದು ಕರೆಗೆ ಗಂಟೆ ಗಟ್ಟಿಯಾಗಿ ಬಾರಿಸುವದೆಂಬ ಧೈರ್ಯದಿಂದ ಮಲಗಬಹುದು. ಇದನ್ನು ರಟ್ಟಿನ ಮೇಲೆ ಬರೆದು ತಂದವಳು ನಾವು ನಿಲ್ಲಿಸಿದ್ದ ಅದೇ ಹುಡುಗಿ.

ನಾಲ್ಕನೆಯದಾಗಿ, ಕಾಡಿನ ಊರುಗಳಲ್ಲಿ ನೆಟ್‌ವರ್ಕ್ ಎಲ್ಲೆಡೆ ಸಿಕ್ಕುವದಿಲ್ಲವಾದ್ದರಿಂದ, ಅದಿಲ್ಲದೆಯೂ ಆ್ಯಪ್ ನಡೆಯಬೇಕು. ಓದಲಾರದ ಅಜ್ಜಿಗೂ ತಿಳಿಯುವಂತೆ ಕನ್ನಡದಲ್ಲಿ ಮಾತಾಡಬೇಕು.

4. ಅದು ಮಾಡಬಾರದ ಕೆಲಸಗಳು

ನಮ್ಮ ಹುಡುಗಿಯರಲ್ಲಿ ಹಲವರು ಮೊದಲು ಬರೆದ ಪರದೆಯಲ್ಲಿ "ನಿನ್ನೆಯ ನಿದ್ರೆಗೆ 100ಕ್ಕೆ 42 ಅಂಕ" ಎಂದಿತ್ತು. ಅದನ್ನು ಅಳಿಸಿಹಾಕಿದೆವು. ಯಾತಕ್ಕೆಂದರೆ, ನಿದ್ರೆಯ ಹಂತಗಳನ್ನು ನಿಜವಾಗಿ ಅಳೆಯಬೇಕಾದರೆ ಮಿದುಳಿನ ವಿದ್ಯುತ್ತು, ಕಣ್ಣಿನ ಚಲನೆ, ಸ್ನಾಯುಗಳ ಬಿಗಿ ಇವುಗಳನ್ನು ಪ್ರಯೋಗಶಾಲೆಯಲ್ಲಿ ದಾಖಲಿಸಬೇಕು; ದಿಂಬಿನ ಪಕ್ಕದ ಮೊಬೈಲು ಹೆಚ್ಚಾಗಿ ಅಲುಗಾಟವನ್ನೂ ಸದ್ದನ್ನೂ ನೋಡಿ ಊಹಿಸುವದು. ಆ ಊಹೆಯ ಅಂಕಕ್ಕೆ ಹೆದರಿ ನಿದ್ರೆಗೆಡುವವರೂ ಉಂಟು. 2017ರಲ್ಲಿ ವೈದ್ಯರು ಇದಕ್ಕೆ ಆರ್ಥೊಸೋಮ್ನಿಯಾ ಎಂದು ಹೆಸರಿಟ್ಟರು. ಅಂಕಗಳ ಭಯವು ಶಾಲೆಯಲ್ಲಿಯೇ ಸಾಕು, ಹಾಸಿಗೆಯಲ್ಲಿ ಬೇಡ. ಕಾವಲಿನ ರಾತ್ರಿ ಕಳೆದ ಮೇಲೆ ಆ್ಯಪ್ ಗದರಿಸದೆ, "ಇಂದು ಮೂರು ಗಂಟೆಯೊಳಗೆ ಇಪ್ಪತ್ತು ನಿಮಿಷ ಮಲಗು" ಎಂದರೆ ಸಾಕು.

ಇನ್ನೊಂದು ದೋಷವು ಲೋಭ. ಅನೇಕ ಆ್ಯಪ್‌ಗಳು ನಮ್ಮ ಕಣ್ಣನ್ನು ತಮ್ಮಲ್ಲಿಯೇ ಹಿಡಿದಿಡುವದರಿಂದ ಲಾಭ ಪಡೆಯುವವು. ಇದಾದರೋ ತನ್ನನ್ನು ಕಡಿಮೆ ನೋಡಿದಷ್ಟೂ ತಾನು ಗೆದ್ದೆನೆಂದು ತಿಳಿಯಬೇಕು. ಯಾರು ಯಾವಾಗ ಮಲಗಿದರೆಂಬ ಮಾಹಿತಿಯು ಆ ಮೊಬೈಲಿನಿಂದ ಹೊರಗೆ ಹೋಗಬಾರದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸಿದೆ.

ಕೊನೆಯದಾಗಿ, ಅದು ವೈದ್ಯರ ಕುರ್ಚಿಯಲ್ಲಿ ಕೂರಬಾರದು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಬಾರದಿದ್ದರೆ, ಅಥವಾ ಗೊರಕೆಯ ನಡುವೆ ಉಸಿರು ನಿಂತಂತಾದರೆ, "ವೈದ್ಯರನ್ನು ಕಾಣು" ಎಂದು ಹೇಳಿ ಸುಮ್ಮನಾಗಬೇಕು. ಮೊಬೈಲನ್ನು ಬಿಡಲಾಗದ ಚಟಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದಲೇ ಪ್ರತ್ಯೇಕ ಚಿಕಿತ್ಸಾಲಯವುಂಟು. ಅಲ್ಲಿಗೆ ಹೋಗುವದರಲ್ಲಿ ನಾಚಿಕೆಯೇನೂ ಇಲ್ಲ.

5. ಅಭ್ಯಾಸ

ಏಳು ದಿನ ಒಂದು ಪುಸ್ತಕದಲ್ಲಿ ಮಲಗಿದ ವೇಳೆ, ಎದ್ದ ವೇಳೆ, ಕೊನೆಯ ಕಾಫಿಯ ವೇಳೆ, ಪರದೆಯನ್ನು ಬಿಟ್ಟ ವೇಳೆ ಇವುಗಳನ್ನು ಬೆಳಿಗ್ಗೆಯೇ ಬರೆಯಿರಿ. ಎಂಟನೆಯ ದಿನ ಅದನ್ನು ನೋಡಿ, ಬದಲಿಸಬಹುದಾದ ಒಂದೇ ಒಂದು ಸಂಗತಿಯನ್ನು ಆರಿಸಿಕೊಳ್ಳಿರಿ. ಬದಲಿಸಲಾಗದ್ದು ಇದ್ದರೆ ನಮ್ಮ ಬಳಿಗೆ ಬಂದು ಹೇಳಿರಿ.

ಈಗ ನಮ್ಮ ಶಾಲೆಯಲ್ಲಿ ಮೊದಲನೆಯ ಪಿರಿಯಡ್ಡಿನಲ್ಲಿ ಯಾರಾದರೂ ತೂಕಡಿಸಿದರೆ ನಿಲ್ಲಿಸುವದಿಲ್ಲ. "ರಾತ್ರಿ ಏನಾಯಿತಮ್ಮಾ?" ಎಂದು ಮೆಲ್ಲನೆ ಕೇಳುವೆವು. ಒಳ್ಳೆಯ ಆ್ಯಪ್ ಒಂದು ಸಿದ್ಧವಾಗುವ ವರೆಗೂ, ಆದ ಮೇಲೆಯೂ, ಕೇಳತಕ್ಕ ಮೊದಲನೆಯ ಪ್ರಶ್ನೆ ಇದೇ.