ಜಲಧರ ಮತ್ತು ಕೊಳವೆಬಾವಿ: ಪರೀಕ್ಷಾ ಟಿಪ್ಪಣಿ

1. ಕಾವ್ಯದಲ್ಲಿ ಮೇಘವೆಂಬ ಅರ್ಥವುಳ್ಳ ‘ಜಲಧರ’ ಶಬ್ದವು ಭೂವಿಜ್ಞಾನದಲ್ಲಿ, ನೀರನ್ನು ಧರಿಸಿ ಬಾವಿಗೆ ಬಿಟ್ಟುಕೊಡಬಲ್ಲ ಸ್ತರವನ್ನು ಸೂಚಿಸುವುದು.

2. ಮುಕ್ತ ಜಲಧರದ ಮೇಲ್ಮೈಯೇ ಅಂತರ್ಜಲ ಮಟ್ಟ. ಅಪ್ರವೇಶ್ಯ ಸ್ತರಗಳ ನಡುವೆ ಒತ್ತಡಕ್ಕೊಳಗಾದುದು ಬದ್ಧ ಜಲಧರ. ಒತ್ತಡದಿಂದ ನೀರು ತಾನಾಗಿ ಮೇಲೇರುವ ಆರ್ಟೀಷಿಯನ್ ಬಾವಿಯ ಮೂಲ ಇದೇ.

3. ಅಭ್ಯರ್ಥಿಗಳು ಎಡವುವ ಸ್ಥಳ: ಸರಂಧ್ರತೆ ಬೇರೆ, ಪಾರಗಮ್ಯತೆ ಬೇರೆ. ಜೇಡಿಮಣ್ಣು ರಂಧ್ರಭರಿತವಾದರೂ, ಆ ರಂಧ್ರಗಳು ಅತಿಸೂಕ್ಷ್ಮವಾದುದರಿಂದ ನೀರನ್ನು ಸರಾಗವಾಗಿ ಹರಿಯಗೊಡದು. ಆದಕಾರಣ ಅದು ಉತ್ತಮ ಜಲಧರವೆನಿಸದು.

4. ಕರ್ನಾಟಕದ ದಕ್ಷಿಣಭಾಗದ ಗ್ರಾನೈಟ್, ನೈಸ್ ಶಿಲೆಗಳಲ್ಲಿ ನೀರು ಬಹುಮಟ್ಟಿಗೆ ಶಿಥಿಲಸ್ತರದಲ್ಲಿಯೂ ಬಿರುಕುಗಳಲ್ಲಿಯೂ ನೆಲೆಸಿರುವುದರಿಂದ, ಅದನ್ನು ತಲುಪಲು ಸಂಪೀಡಿತ ವಾಯುವಿನಿಂದ ಚಲಿಸುವ ಸುತ್ತಿಗೆಯಿಂದ ಬಂಡೆಯನ್ನು ಜಜ್ಜಿ ಕೊಳವೆಬಾವಿ ಕೊರೆಯುವರು. ಮೇಲಣ ಸಡಿಲಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುವರು.

5. ನೆನಪಿಡಬೇಕಾದ ವರ್ಷಗಳು: ಸರಂಧ್ರ ಸ್ತರದಲ್ಲಿ ನೀರಿನ ಹರಿವನ್ನು ಹೇಳುವ ಡಾರ್ಸಿ ನಿಯಮ: 1856. ಕೇಂದ್ರ ಅಂತರ್ಜಲ ಮಂಡಳಿ: 1970. ಅಟಲ್ ಭೂಜಲ ಯೋಜನೆ: 2019.