ಹಳೆಯ ಇಸಿಜಿ ಬಿಸಾಡಬೇಡಿ

ಎದೆ ಉರಿದರೆ ‘ಗ್ಯಾಸು’ ಅಂತ ಸೋಡಾ ಕುಡಿದು ಮಲಗುವವರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಮ್ಮಿಯಿಲ್ಲ. ಇಸಿಜಿ ಮಾಡಿಸಿ, ‘ನಾರ್ಮಲ್’ ಅಂದ ಕೂಡಲೇ ಮನೆಗೆ ಹೊರಡುವವರೂ ಇದ್ದಾರೆ. ಇಬ್ಬರಿಗೂ ಒಂದು ಕಿವಿಮಾತು.

ಒಂದು ಇಸಿಜಿಯಲ್ಲಿ ಸಿಗುವುದು ಸುಮಾರು 10 ಸೆಕೆಂಡಿನ ಹೃದಯಬಡಿತ ಮಾತ್ರ. ಹೃದಯಾಘಾತ ಶುರುವಾದಾಗ ಇಸಿಜಿ ಸರಿಯಾಗಿಯೇ ಕಾಣಬಹುದು. ಇಲ್ಲವೇ ಅದರಲ್ಲಿನ ‘ಎಸ್‌ಟಿ’ ಎಂಬ ಗೆರೆ ಕೂದಲೆಳೆಯಷ್ಟು ತಗ್ಗಿರಬಹುದು. 1982ರಲ್ಲಿ ಹೃದ್ರೋಗ ತಜ್ಞ ವೆಲೆನ್ಸ್ ಮತ್ತು ಸಂಗಡಿಗರು ವಿವರಿಸಿದ, ಇಸಿಜಿಯ ‘ಟಿ’ ಎಂಬ ಅಲೆಯ ಬದಲಾವಣೆಯಂತೂ ಸಾಮಾನ್ಯವಾಗಿ ನೋವು ನಿಂತ ಮೇಲೆ ಕಾಣುತ್ತದೆ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳ ತೀರಾ ಕಿರಿದಾಗಿದೆ ಎಂಬ ಎಚ್ಚರಿಕೆ ಅದು. ನೋವು ಹೋಯಿತಲ್ಲ ಎಂದು ಸುಮ್ಮನಾಗುವಂತಿಲ್ಲ.

ಹಾಗಂತ ಸಣ್ಣ ಏರುಪೇರೆಲ್ಲ ಕಾಯಿಲೆಯಲ್ಲ, ಆರೋಗ್ಯವಂತರಲ್ಲೂ ಇರುತ್ತದೆ. ಅದು ಹಳೆಯದೋ ಈವತ್ತಿನದೋ ತಿಳಿಯಲು ವೈದ್ಯರಿಗೆ ನಿಮ್ಮ ಹಳೆಯ ಇಸಿಜಿ ಬೇಕು. ಆ ಕಾಗದದ ಮೇಲಿನ ಗೆರೆ ದಿನಕಳೆದಂತೆ ಮಾಸುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ನೋವು ಮುಂದುವರಿದರೆ ಮತ್ತೊಮ್ಮೆ ಇಸಿಜಿ, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಬೇಕೇ ಎಂದು ಸಂಕೋಚವಿಲ್ಲದೆ ಕೇಳಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬೆವರು, ಉಬ್ಬಸ, ಸುಸ್ತು ಮಾತ್ರ ಇರಬಹುದು. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರೂ ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ.

ಇಂಥ ಲಕ್ಷಣ ಕಂಡರೆ ಆಸ್ಪತ್ರೆಗೆ ಹೋಗಲು ಬೈಕ್ ಹತ್ತಬೇಡಿ, ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ.