‘ನಾಳೆ ಬಾ’ ಎಂದು ಬರೆದ ಬಾಗಿಲು

ಹಿಂದೆ ನಮ್ಮ ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ ಕಂಡು ಮತ್ತೆ ಹಿಂದಿರುಗುತ್ತದೆ ಎಂಬುದು ಜನರ ನಂಬಿಕೆ. ಅದನ್ನು ನೆನೆದು ನಾವು ನಗುತ್ತೇವೆ. ಆದರೆ ಮಾಡಲೇಬೇಕಾದ ಒಂದು ಒಳ್ಳೆಯ ಕೆಲಸ ನಮ್ಮ ಮನದ ಬಾಗಿಲನ್ನು ತಟ್ಟಿದಾಗ ನಾವು ತೋರಿಸುವ ಬರಹವೂ ಅದೇ ಅಲ್ಲವೇ?

ಬದುವಿನ ಜಗಳದಿಂದ ಮಾತುಬಿಟ್ಟ ಅಣ್ಣನನ್ನು ಹಬ್ಬಕ್ಕೆ ಮಾತಾಡಿಸೋಣ ಎನ್ನುತ್ತೇವೆ. ಹಬ್ಬ ಬಂದು ಹೋಗುತ್ತದೆ. ಸಕ್ಕರೆ ಕಾಯಿಲೆಯ ಪರೀಕ್ಷೆ ಮುಂದಿನ ತಿಂಗಳಿಗೆ, ಕುಡಿತ ಬಿಡುವುದು ಹೊಸ ವರ್ಷಕ್ಕೆ, ಪಾಪನಿವೇದನೆ ತಪಸ್ಸುಕಾಲಕ್ಕೆ. ಇವೆಲ್ಲ ಒಳ್ಳೆಯ ಕೆಲಸಗಳೆಂದು ನಮಗೆ ಗೊತ್ತು. ಮಾಡುವ ಮನಸ್ಸೂ ಇದೆ. ಆದರೂ ಆಗುವುದಿಲ್ಲ.

ಈ ವಿಷಯದಲ್ಲಿ ನಿಮಗೆ ಬುದ್ಧಿ ಹೇಳುವ ಮುಂಚೆ ನನ್ನ ತಪ್ಪನ್ನೇ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಪಕ್ಕದ ಹಳ್ಳಿಯ ಒಬ್ಬ ತಾಯಿ ಬಂದು, “ಫಾದರ್, ನಮ್ಮ ಮಾವನೋರು ನಿಮ್ಮನ್ನ ನೋಡ್ಬೇಕು ಅಂತಿದಾರೆ. ಒಂದ್ಸಲ ಬಂದು ಹೋಗಿ” ಎಂದರು. “ಬರ್ತೀನಮ್ಮ, ಈ ವಾರದಲ್ಲೇ ಬರ್ತೀನಿ” ಎಂದೆ. ಸುಳ್ಳು ಹೇಳಲಿಲ್ಲ, ಹೋಗುವ ಮನಸ್ಸು ನಿಜವಾಗಿಯೂ ಇತ್ತು. ಸೋಮವಾರ ಶಾಲೆಯ ಸಭೆ, ಮಂಗಳವಾರ ಒಂದು ಮದುವೆಯ ಮಾತುಕತೆ, ಬುಧವಾರ ಮಳೆ. ಗುರುವಾರ ‘ನಾಳೆ ಹೋದರಾಯಿತು’ ಎಂದುಕೊಂಡೆ. ಶುಕ್ರವಾರ ಮುಂಜಾನೆ ಸಾವಿನ ಸುದ್ದಿ ಬಂತು. ಮಣ್ಣು ಮುಗಿದ ಮೇಲೆ ಆ ತಾಯಿ ನನ್ನನ್ನು ದೂರಲಿಲ್ಲ. “ನಿಮಗೂ ಎಷ್ಟು ಕೆಲಸ ಇರ್ತದೆ ಫಾದರ್” ಎಂದಷ್ಟೇ ಹೇಳಿದರು. ಆ ಹಿರಿಯರು ನನಗೆ ಏನು ಹೇಳಬೇಕೆಂದಿದ್ದರೋ ನನಗಿನ್ನು ತಿಳಿಯುವುದಿಲ್ಲ.

ಸೋಮಾರಿತನ ಮಾತ್ರವೇ ಕಾರಣವೇ?

ಆ ವಾರ ನಾನು ಸುಮ್ಮನೆ ಕುಳಿತಿರಲಿಲ್ಲ. ಕೈತುಂಬ ಕೆಲಸ ಮಾಡಿದ್ದೆ. ಹಾಗಾದರೆ ತಪ್ಪಿದ್ದು ಎಲ್ಲಿ? ಗುರುಮಠದಲ್ಲಿ ಓದಿದ್ದ ಒಂದು ಪಾಠ ನನಗೆ ಆಗ ಅರ್ಥವಾಯಿತು. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ವಿವೇಕ ಎಂಬ ಸದ್ಗುಣಕ್ಕೆ ಮೂರು ಹೆಜ್ಜೆಗಳಿವೆ ಎನ್ನುತ್ತಾರೆ. ಮೊದಲನೆಯದು ಆಲೋಚನೆ, ಎರಡನೆಯದು ತೀರ್ಮಾನ, ಮೂರನೆಯದು ಆಜ್ಞೆ. ಅಂದರೆ ‘ಈಗ ಇದನ್ನು ಮಾಡು’ ಎಂದು ತನಗೆ ತಾನೇ ಅಪ್ಪಣೆ ಕೊಡುವುದು. ಈ ಮೂರರಲ್ಲಿ ಆಜ್ಞೆಯೇ ಮುಖ್ಯವಾದುದೆಂದು ಅವರ ಬೋಧನೆ. ಕೆಲಸ ಮುಂದೂಡುವ ನಾವು ಸಾಮಾನ್ಯವಾಗಿ ಮೊದಲ ಎರಡು ಹೆಜ್ಜೆಗಳನ್ನು ಚೆನ್ನಾಗಿಯೇ ಇಟ್ಟಿರುತ್ತೇವೆ. ತೀರ್ಮಾನವಾದೊಡನೆ ಅರ್ಧ ಕೆಲಸ ಆದಂತೆ ಮನಸ್ಸಿಗೆ ಸಮಾಧಾನವೂ ಆಗಿಬಿಡುತ್ತದೆ. ಮೂರನೆಯ ಹೆಜ್ಜೆಯ ಹೊತ್ತಿಗೆ ನಿಂತುಬಿಡುತ್ತೇವೆ.

ಸಂತ ಅಗಸ್ಟೀನರ ಬಾಳಿನಲ್ಲೂ ಇದನ್ನೇ ಕಾಣುತ್ತೇವೆ. 19ನೇ ವಯಸ್ಸಿನಲ್ಲಿ ಸಿಸೆರೊ ಎಂಬ ರೋಮನ್ ಪಂಡಿತನ ಪುಸ್ತಕ ಓದಿ ಅವರಲ್ಲಿ ಸತ್ಯದ ಹಂಬಲ ಹುಟ್ಟಿತು. ಆದರೂ ಸುಮಾರು 12 ವರ್ಷ ಅವರು ಅತ್ತ ಇತ್ತ ತೂಗಾಡಿದರು. ಕೊನೆಗೆ 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ ಅವರ ಮನಸ್ಸು ತಿರುಗಿತು. 387ರ ಪಾಸ್ಕ ಹಬ್ಬದಂದು ಸಂತ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಮನಸ್ಸು ಕೈಗೆ ಅಪ್ಪಣೆ ಕೊಟ್ಟರೆ ಕೈ ಒಡನೆ ಏಳುತ್ತದೆ, ಮನಸ್ಸು ತನಗೇ ಅಪ್ಪಣೆ ಕೊಟ್ಟರೆ ಏಕೆ ಏಳುವುದಿಲ್ಲ ಎಂದು ಅವರು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಪೂರ್ಣ ಮನಸ್ಸಿನಿಂದ ಅಪ್ಪಣೆ ಕೊಡದಿರುವುದೇ ಇದಕ್ಕೆ ಕಾರಣ ಎಂಬುದು ಅವರು ಕಂಡುಕೊಂಡ ಉತ್ತರ. ಸಂತರಿಗೇ ಇಷ್ಟು ಕಷ್ಟವಾಗಿದ್ದರೆ, ನಾವು ಎಡವಿದಾಗ ಎದೆಗುಂದಬೇಕಾಗಿಲ್ಲ.

ಗುರಿಗೆ ಅಳತೆ ಇರಲಿ

ಹಾಗಾದರೆ ಅಪ್ಪಣೆಯನ್ನು ಗಟ್ಟಿಮಾಡಿಕೊಳ್ಳುವುದು ಹೇಗೆ? ಶುಭಸಂದೇಶದ ಜಕ್ಕಾಯನನ್ನು ನೋಡಿ. ಯೇಸುಸ್ವಾಮಿ ತನ್ನ ಮನೆಗೆ ಬಂದಾಗ ಅವನು ‘ಇನ್ನು ಮೇಲೆ ಒಳ್ಳೆಯವನಾಗಿ ಬಾಳುತ್ತೇನೆ’ ಎಂದಷ್ಟೇ ಹೇಳಬಹುದಿತ್ತು. ಅವನು ಲೆಕ್ಕ ಕೊಟ್ಟ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು. ಹಣದ ವ್ಯವಹಾರದವನಿಗೆ ಅಳತೆಯಿಲ್ಲದ ಮಾತಿನ ಬೆಲೆ ಗೊತ್ತಿತ್ತು. ಇದಕ್ಕೆ ವಿರುದ್ಧವಾಗಿ, ಮತ್ತಾಯನ ಶುಭಸಂದೇಶದ ಸಾಮತಿಯಲ್ಲಿ ಒಬ್ಬ ಮಗ ತಂದೆಗೆ ‘ಹೋಗುತ್ತೇನೆ’ ಎಂದು ವಿನಯದಿಂದ ಹೇಳಿ ತೋಟಕ್ಕೆ ಹೋಗಲೇ ಇಲ್ಲ. ಅವನು ಹೇಳಿದ್ದೂ, ‘ಬರ್ತೀನಮ್ಮ’ ಎಂದು ನಾನು ಹೇಳಿದ್ದೂ ಒಂದೇ.

ಮನಶ್ಶಾಸ್ತ್ರವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಪೀಟರ್ ಗಾಲ್ವಿಟ್ಜರ್ ಎಂಬ ಜರ್ಮನ್ ವಿದ್ವಾಂಸರು 1997ರಲ್ಲಿ ಸಂಗಡಿಗರೊಬ್ಬರೊಂದಿಗೆ ಒಂದು ಅಧ್ಯಯನ ಪ್ರಕಟಿಸಿದರು. ಕ್ರಿಸ್ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರೆಂದು ಎರಡು ದಿನಗಳೊಳಗೆ ಬರೆದು ಕಳುಹಿಸಬೇಕೆಂದು ವಿದ್ಯಾರ್ಥಿಗಳನ್ನು ಕೇಳಲಾಗಿತ್ತು. ಅರ್ಧದಷ್ಟು ಮಂದಿಗೆ ಮಾತ್ರ, ಯಾವಾಗ ಮತ್ತು ಎಲ್ಲಿ ಕುಳಿತು ಬರೆಯುತ್ತೀರಿ ಎಂಬುದನ್ನೂ ಮೊದಲೇ ಗುರುತು ಮಾಡಿಕೊಳ್ಳಲು ಹೇಳಿದ್ದರು. ಹಾಗೆ ಗುರುತು ಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಸಮಯಕ್ಕೆ ಬರೆದರು. ಉಳಿದವರಲ್ಲಿ ಮೂರನೇ ಒಂದು ಪಾಲು ಮಾತ್ರ. ಬರೆಯುವುದೇನೆಂಬುದು ಎಲ್ಲರಿಗೂ ಗೊತ್ತಿತ್ತು. ವ್ಯತ್ಯಾಸ ತಂದದ್ದು ಗೊತ್ತುಮಾಡಿದ ಹೊತ್ತು ಮತ್ತು ಜಾಗ.

ಆದ್ದರಿಂದ ನಮ್ಮ ಸಂಕಲ್ಪಗಳನ್ನು ಸ್ವಲ್ಪ ಬದಲಿಸಿ ಹೇಳಿ ನೋಡೋಣ. ‘ಮನೆಯಲ್ಲಿ ಹೆಚ್ಚು ಪ್ರಾರ್ಥನೆ ಮಾಡಬೇಕು’ ಎನ್ನುವ ಬದಲು ‘ರಾತ್ರಿ ಊಟಕ್ಕೆ ತಟ್ಟೆ ಹಾಕುವ ಮುಂಚೆ ಜಪಸರದ ಹತ್ತು ಮಣಿ ಹೇಳೋಣ’ ಎನ್ನಿ. ‘ಲೆಕ್ಕ ಚೆನ್ನಾಗಿ ಓದು’ ಎಂದು ಮಗಳನ್ನು ಗದರಿಸುವ ಬದಲು ‘ಶಾಲೆಯಿಂದ ಬಂದು ಕಾಫಿ ಕುಡಿದ ಮೇಲೆ, ಜಗಲಿಯಲ್ಲಿ ಕುಳಿತು ಮೂರು ಲೆಕ್ಕ’ ಎಂದು ಅವಳೊಡನೆ ಕೂಡಿ ಗೊತ್ತುಮಾಡಿ. ‘ಅಣ್ಣನೊಡನೆ ರಾಜಿಯಾಗಬೇಕು’ ಎಂಬುದು ಬೆಟ್ಟದಂಥ ಮಾತು, ನೋಡಿದರೇ ಭಯವಾಗುತ್ತದೆ. ಎಷ್ಟೋ ಕೆಲಸಗಳನ್ನು ನಾವು ಮುಂದೂಡುವುದು ಇಂಥ ಭಯ, ನಾಚಿಕೆಗಳಿಂದಲೇ. ‘ಬರುವ ಭಾನುವಾರ ದೇವಾಲಯದ ಮುಂದೆ ಅಣ್ಣನ ಹತ್ತಿರ ಹೋಗಿ, ಚೆನ್ನಾಗಿದ್ದೀಯಾ ಅಂತ ಕೇಳುತ್ತೇನೆ’ ಎಂಬುದು ಒಂದು ಮೆಟ್ಟಿಲು. ಅದನ್ನು ಹತ್ತಬಹುದು.

ದಿನಕ್ಕೆರಡು ಬಾರಿ ಲೆಕ್ಕ

ಗುರಿ ಇಟ್ಟುಕೊಂಡರೆ ಸಾಲದು, ಲೆಕ್ಕ ನೋಡಬೇಕು. ಲೊಯೋಲದ ಸಂತ ಇಗ್ನೇಷಿಯಸರು ಇದಕ್ಕೊಂದು ಸರಳ ದಾರಿ ತೋರಿಸಿದ್ದಾರೆ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದಲ್ಲಿ ಅದಿದೆ. ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಬೆಳಿಗ್ಗೆ ಎದ್ದೊಡನೆ ಅದರ ಬಗ್ಗೆ ಸಂಕಲ್ಪ ಮಾಡಬೇಕು. ಮಧ್ಯಾಹ್ನದ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ, ಎಷ್ಟು ಸಲ ತಪ್ಪಿದೆನೆಂದು ನೋಡಿ ಕಾಗದದ ಗೆರೆಯ ಮೇಲೆ ಅಷ್ಟು ಚುಕ್ಕಿ ಇಡಬೇಕು. ನಿನ್ನೆಗೂ ಇಂದಿಗೂ, ಕಳೆದ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡಬೇಕು. ಸೈನಿಕನಾಗಿದ್ದ ಇಗ್ನೇಷಿಯಸರಿಗೆ ಹತ್ತು ಕಡೆ ಒಟ್ಟಿಗೆ ಯುದ್ಧ ಮಾಡಲಾಗದೆಂದು ಗೊತ್ತಿತ್ತು.

ಈ ಮೂವರು ಸಂತರಿಂದ ಕಲಿತದ್ದನ್ನು ಹೀಗೆ ನೆನಪಿಡಬಹುದು:

1. ಒಂದು ಸಲಕ್ಕೆ ಒಂದೇ ಗುರಿ.
2. ಅದಕ್ಕೆ ದಿನ, ಹೊತ್ತು, ಜಾಗ ಗೊತ್ತುಮಾಡಿ ಬರೆದಿಡಿ.
3. ಮೊದಲ ಹೆಜ್ಜೆ ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಚಿಕ್ಕದಾಗಿರಲಿ.
4. ಮನೆಯ ಒಬ್ಬರಿಗಾದರೂ ಹೇಳಿ. ಅವರು ಕೇಳಿದಾಗ ಸಿಡುಕಬೇಡಿ.
5. ತಪ್ಪಿದರೆ ಕೊರಗುತ್ತ ಕೂರದೆ, ಅಂದೇ ಇನ್ನೊಂದು ದಿನ ಗೊತ್ತುಮಾಡಿ.

ಎಲ್ಲ ವಿಳಂಬವೂ ತಪ್ಪಲ್ಲ ಎಂಬುದನ್ನೂ ಹೇಳಬೇಕು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿಯೇ ಹೇಳಿದ್ದಾರೆ. ಮಾಡಲಾಗದ ಕೆಲಸಕ್ಕೆ ‘ಆಗುವುದಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳುವುದು ‘ನೋಡೋಣ’ ಎನ್ನುವುದಕ್ಕಿಂತ ಮೇಲು. ಇನ್ನು, ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಹಾಸಿಗೆಯಿಂದ ಏಳಲೂ ಮನಸ್ಸಿಲ್ಲದೆ ಕುಗ್ಗಿದ್ದರೆ, ಅವರನ್ನು ಸೋಮಾರಿಗಳೆಂದು ಜರಿಯಬೇಡಿ. ಅದು ಕಾಯಿಲೆಯಾಗಿರಬಹುದು, ವೈದ್ಯರ ಬಳಿ ಕರೆದೊಯ್ಯಿರಿ.

ಆ ಹಿರಿಯರ ಸಾವಿನ ನಂತರ ನನ್ನ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕವಿದೆ. ಯಾರಾದರೂ ‘ಮನೆಯಲ್ಲಿ ಕಾಯಿಲೆಯವರಿದ್ದಾರೆ ಫಾದರ್’ ಎಂದರೆ, ಅವರು ಅಲ್ಲಿಂದ ಕದಲುವ ಮುಂಚೆಯೇ ದಿನ, ಹೊತ್ತು ಬರೆದುಕೊಂಡು ಅವರಿಗೂ ತಿಳಿಸುತ್ತೇನೆ. ಈಗಲೂ ಕೆಲವೊಮ್ಮೆ ತಪ್ಪುತ್ತೇನೆ. ಆದರೆ ‘ಈ ವಾರದಲ್ಲಿ ಬರ್ತೀನಿ’ ಎಂಬ ಮಾತನ್ನು ಬಿಟ್ಟಿದ್ದೇನೆ.

ಬಾಗಿಲ ಬಳಿ ನಿಂತು ತಟ್ಟುತ್ತಿರುವವರು ಪ್ರಭುವೇ ಎಂದು ಪ್ರಕಟನಾ ಗ್ರಂಥ ನಮಗೆ ತಿಳಿಸುತ್ತದೆ. ಅವರು ಕೆಲವೊಮ್ಮೆ ಮಾತುಬಿಟ್ಟ ಅಣ್ಣನಾಗಿ, ಹಾಸಿಗೆ ಹಿಡಿದ ಮಾವನಾಗಿ ತಟ್ಟುತ್ತಾರೆ. ಪ್ರಿಯರೇ, ನಮ್ಮ ಬಾಗಿಲ ಮೇಲಿನ ಬರಹವನ್ನು ಇಂದೇ ಅಳಿಸೋಣ.

ಮನೆಯವರು ಕೂಡಿ ಚಿಂತಿಸಲು

1. ಈ ವರ್ಷ ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಮುಂದೂಡಿದ ಕೆಲಸ ಯಾವುದು? ಅದರ ಹಿಂದೆ ಭಯವಿದೆಯೇ, ನಾಚಿಕೆಯಿದೆಯೇ, ಆಲಸ್ಯವಿದೆಯೇ?
2. ಆ ಕೆಲಸದ ಮೊದಲ ಚಿಕ್ಕ ಹೆಜ್ಜೆ ಏನು? ಅದನ್ನು ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಇಡುತ್ತಾರೆ?
3. ನಾವು ಭೇಟಿಯಾಗುತ್ತೇವೆಂದು ಹೇಳಿ ಹೋಗದೆ ಉಳಿದ ಹಿರಿಯರು ಯಾರಾದರೂ ಇದ್ದಾರೆಯೇ?